ಸಂತೋಷಕ್ಕೆ ಕರೆ ಬೇಕು

ಸಾವಿನ ಮನೆಗೆ ಕರೆಯದಿದ್ದರೂ ಹೋಗಬೇಕು, ಮದುವೆ ಮನೆಗೆ ಕರೆಯದೆ ಹೋಗಬಾರದು. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ ಬೆಳಗಿನ ಜಾವ ಯಾರಾದರೂ ತೀರಿಕೊಂಡರೆ ಬಿಸಿಲೇರುವುದರೊಳಗೆ ಸುತ್ತಲ ಊರುಗಳ ಜನ ಬಂದು ಅಂಗಳದಲ್ಲಿ ನಿಂತಿರುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟವರೂ ಬರುತ್ತಾರೆ. ಹೊಲದ ಬದುವಿಗಾಗಿ ಕೋರ್ಟಿಗೆ ಅಲೆಯುತ್ತಿರುವ ದಾಯಾದಿಯೂ ಚಟ್ಟಕ್ಕೆ ಹೆಗಲು ಕೊಡುತ್ತಾನೆ. ಆರು ತಿಂಗಳು ಕಳೆದು ಅದೇ ಮನೆಯಲ್ಲಿ ಮದುವೆಯಾದರೆ ಅದೇ ದಾಯಾದಿ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಕೇಳಿದರೆ, "ಮನೆಗ್ ಬಂದು ಕರೀಲಿಲ್ಲ ಬಿಡಪ್ಪ" ಅನ್ನುತ್ತಾನೆ. ಫೋನಿನಲ್ಲಿ ಹೇಳಿದ್ದು, ದಾರಿಯಲ್ಲಿ ಸಿಕ್ಕಾಗ ಪತ್ರಿಕೆ ಕೈಗಿಟ್ಟದ್ದು ಅವನ ಲೆಕ್ಕಕ್ಕಿಲ್ಲ.

ದುಃಖಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಸಂತೋಷಕ್ಕೆ ಮಾತ್ರ ಕರೆ ಬೇಕು. ಇದನ್ನು ಬರೀ ಹಳ್ಳಿಯ ಬಿಗುಮಾನ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಸಂತೋಷ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂದು ಕೇಳಿಕೊಳ್ಳುತ್ತ ಹೋದಷ್ಟೂ ಈ ಕಟ್ಟುಪಾಡಿನಲ್ಲಿ ದೊಡ್ಡದೊಂದು ತಿಳಿವಳಿಕೆ ಇದೆ ಅನ್ನಿಸುತ್ತದೆ. ಅದರ ಜೊತೆಗೇ ದೊಡ್ಡದೊಂದು ಅನ್ಯಾಯವೂ ಇದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ಹೃದ್ರೋಗದ ಅಧ್ಯಯನ ನಡೆಯುತ್ತಿದೆ. ತಪಾಸಣೆಗೆ ಬಂದವರು ಮುಂದೆ ತಮ್ಮನ್ನು ಹುಡುಕಲು ಸುಲಭವಾಗಲೆಂದು ನೆಂಟರ, ಗೆಳೆಯರ ಹೆಸರು ಬರೆಸಿದ್ದರು. ಆ ದಾಖಲೆಗಳನ್ನು ಹಿಡಿದು ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಎಂಬ ಇಬ್ಬರು ವಿದ್ವಾಂಸರು 4,739 ಜನರ ಸುಖದ ಏರಿಳಿತವನ್ನು 1983ರಿಂದ 2003ರವರೆಗೆ ಪರಿಶೀಲಿಸಿ, 2008ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಒಂದು ಮೈಲಿಯೊಳಗಿರುವ ಗೆಳೆಯ ಸುಖಿಯಾದರೆ ನಾವು ಸುಖಿಗಳಾಗುವ ಸಾಧ್ಯತೆ ಶೇ. 25ರಷ್ಟು ಹೆಚ್ಚುತ್ತದೆ, ಪಕ್ಕದ ಮನೆಯವರು ಸುಖಿಯಾದರೆ ಶೇ. 34ರಷ್ಟು, ಒಂದೇ ಸೂರಿನಡಿ ಇರುವ ಗಂಡ ಅಥವಾ ಹೆಂಡತಿಯಿಂದ ಶೇ. 8 ಮಾತ್ರ, ಒಂದೇ ಕಡೆ ಕೆಲಸ ಮಾಡುವವರಿಂದ ಏನೂ ಇಲ್ಲ ಎಂದರು. ಗೆಳೆಯನ ಗೆಳೆಯನ ಗೆಳೆಯನವರೆಗೂ ಈ ಪ್ರಭಾವ ಮುಟ್ಟುತ್ತದೆ ಎಂಬುದು ಅವರ ವಾದ.

ಈ ಅಂಕಿಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದವು. ನನ್ನ ಮನಸ್ಸು ನಿಂತದ್ದು ಅಂಕಿಗಳ ಮೇಲಲ್ಲ, ಅವರು ಸುಖವನ್ನು ಅಳೆಯಲು ಇಟ್ಟುಕೊಂಡ ನಾಲ್ಕು ಮಾತುಗಳ ಮೇಲೆ. ಕಳೆದ ವಾರ ನನಗೆ ಮುಂದಿನ ದಿನಗಳ ಬಗ್ಗೆ ಭರವಸೆ ಇತ್ತು, ನಾನು ಖುಷಿಯಾಗಿದ್ದೆ, ಬದುಕು ಹಿತವಾಗಿತ್ತು ಎಂಬ ಮೂರು ಮಾತುಗಳನ್ನು ಯಾರಾದರೂ ಊಹಿಸಬಹುದು. ನಾಲ್ಕನೆಯದು, ಉಳಿದವರಿಗಿಂತ ನಾನೇನೂ ಕಡಿಮೆಯಲ್ಲ ಅನ್ನಿಸಿತ್ತು ಎಂಬುದು. ನಾಲ್ಕಕ್ಕೂ ಪೂರ್ತಿ ಹೌದು ಎಂದವರನ್ನು ಮಾತ್ರ ಸುಖಿಗಳೆಂದು ಎಣಿಸಿದ್ದರು. ಸರಿಸಮ ಎಂಬ ಭಾವವಿಲ್ಲದವನು ಎಷ್ಟು ನಕ್ಕರೂ ಆ ಲೆಕ್ಕದಲ್ಲಿ ಸುಖಿಯಲ್ಲ. ಕರೆಯದೆ ಮದುವೆಗೆ ಬಾರದ ನಮ್ಮ ದಾಯಾದಿ ಹೇಳುತ್ತಿರುವುದೂ ಇದನ್ನೇ. ದುಃಖದ ಮನೆಯ ಮುಂದೆ ಎಲ್ಲರೂ ಸಮ. ಅಲ್ಲಿಗೆ ಬಂದವನು ಕೊಡಲು ಬಂದಿರುತ್ತಾನೆ, ಪಡೆಯಲು ಅಲ್ಲ. ಸಂತೋಷದ ಮನೆಗೆ ಕರೆಯಿಲ್ಲದೆ ಹೋದವನು ಊಟಕ್ಕೆ ಬಂದವನಾಗಿಬಿಡುತ್ತಾನೆ. ಅವನನ್ನು ಸಮನಾಗಿ ನಿಲ್ಲಿಸುವುದು ಕರೆ.

ಆ ಅಧ್ಯಯನಕ್ಕೆ ಅದೇ ಸಂಚಿಕೆಯಲ್ಲೇ ಒಂದು ಗಟ್ಟಿ ಆಕ್ಷೇಪವೂ ಬಂದಿತ್ತು. ಎತನ್ ಕೋಹೆನ್-ಕೋಲ್ ಮತ್ತು ಜೇಸನ್ ಫ್ಲೆಚರ್ ಎಂಬುವರು ಅದೇ ಬಗೆಯ ಲೆಕ್ಕ ಹಾಕಿ, ಹದಿಹರೆಯದವರಲ್ಲಿ ಮೊಡವೆ, ತಲೆನೋವು ಮಾತ್ರವಲ್ಲ, ಮೈಯ ಎತ್ತರವೂ ಗೆಳೆಯರಿಂದ ಗೆಳೆಯರಿಗೆ 'ಹರಡುವಂತೆ' ಕಾಣುತ್ತದೆ ಎಂದು ತೋರಿಸಿದರು. ಎತ್ತರ ಹರಡಲು ಸಾಧ್ಯವೇ? ಒಂದೇ ತೆರನಾದವರು ಜೊತೆಯಾಗುತ್ತಾರೆ, ಒಂದೇ ಕಡೆ ಇರುವವರಿಗೆ ಒಂದೇ ಕಾರಣಗಳು ತಾಗುತ್ತವೆ. ಹೊರಗಿನಿಂದ ನೋಡಿದವರಿಗೆ ಅದು ಅಂಟಿದಂತೆ ಕಾಣುತ್ತದೆ. ನಮ್ಮ ಬಯಲುಸೀಮೆಯ ಮಟ್ಟಿಗೆ ಈ ಆಕ್ಷೇಪ ಅಕ್ಷರಶಃ ನಿಜ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು ಇರುವ ಸೀಮೆಯಲ್ಲಿ ಹದವಾದ ಮಳೆ ಬಿದ್ದ ಮರುದಿನ ಊರಿಗೆ ಊರೇ ಗೆಲುವಾಗಿರುತ್ತದೆ. ಟೀ ಅಂಗಡಿಯ ಮುಂದೆ ದನಿಗಳು ಏರುತ್ತವೆ, ಸಾಲ ಕೇಳಲು ಬಂದವನಿಗೂ ಮೊದಲು ಟೀ ಸಿಗುತ್ತದೆ. ಇದು ಒಬ್ಬನಿಂದ ಇನ್ನೊಬ್ಬನಿಗೆ ಹತ್ತಿದ್ದಲ್ಲ, ಎಲ್ಲರ ಹೊಲದ ಮೇಲೂ ಅದೇ ಮಳೆ ಸುರಿದಿದೆ, ಅಷ್ಟೆ.

ಹಾಗಂತ ಹರಡುವುದು ಬರೀ ಭ್ರಮೆಯೇ? ಇದಕ್ಕೆ ಉತ್ತರ ಕೆರೆ ಏರಿಯ ಮೇಲೆ ಸಿಗುತ್ತದೆ. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಬಹಳ ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದವು. ಕೊರಟಗೆರೆ, ಮಧುಗಿರಿ ಕಡೆ ಜಯಮಂಗಲಿ ನದಿ ಉಕ್ಕಿ ಹರಿದು ನಷ್ಟವನ್ನೂ ಮಾಡಿತು. ಕೋಡಿ ಬಿತ್ತು ಎಂಬ ಸುದ್ದಿ ಊರಿಗೆ ಮುಟ್ಟುವ ರೀತಿಯೇ ಬೇರೆ. ಮೊದಲು ನೋಡಿದವನು ಯಾರಿಗೂ ವಿಷಯ ವಿವರಿಸುವುದಿಲ್ಲ, ಬೈಕ್ ನಿಲ್ಲಿಸದೆ "ಕೋಡಿ ಬಿತ್ತು" ಎಂದು ಕೂಗಿ ಮುಂದೆ ಹೋಗುತ್ತಾನೆ. ಅರ್ಧ ಗಂಟೆಯಲ್ಲಿ ಏರಿಯ ಮೇಲೆ ಜಾತ್ರೆ. ಮೊಣಕಾಲುದ್ದ ನೀರಿನಲ್ಲಿ ಹುಡುಗರು, ಸೀರೆಯ ನೆರಿಗೆ ಎತ್ತಿ ಹಿಡಿದು ಕೋಡಿಯ ಕಲ್ಲಿನ ಮೇಲೆ ಕಾಲಿಡುವ ಅಜ್ಜಿಯರು, ಸೊಸೆಗೆ ವೀಡಿಯೊ ಕಾಲ್‌ನಲ್ಲಿ ನೀರು ತೋರಿಸುವ ಅತ್ತೆ. ಬೆಂಗಳೂರಿನ ಪೀಣ್ಯದಲ್ಲಿ ದುಡಿಯುವ ಮಗ ಭಾನುವಾರದ ಬಸ್ಸು ಹತ್ತಿ ಊರಿಗೆ ಬರುತ್ತಾನೆ. ಅವನಿಗೆ ಹೊಲವಿಲ್ಲ, ಬೆಳೆಯೂ ಇಲ್ಲ. ಆದರೂ ಬರುತ್ತಾನೆ. ಒಂದೇ ಕಾರಣ ಎಲ್ಲರಿಗೂ ತಾಗಿತು ಎಂಬ ವಾದ ಇವನ ಮುಂದೆ ನಿಲ್ಲುವುದಿಲ್ಲ. ಅವನ ಅಪ್ಪನ ಮುಖದಲ್ಲಿ ಮೂಡಿದ್ದನ್ನು ನೋಡಲು ಬಂದಿದ್ದಾನೆ ಅವನು.

ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನೂರಿನ ಕೆರೆಗೆ ಹೋಗುತ್ತದೆ, ಅದು ತುಂಬಿದರೆ ಅದರಾಚೆಯದಕ್ಕೆ. ಮೇಲಿನ ಕೆರೆ ತುಂಬಿದ ದಿನ ಕೆಳಗಿನ ಊರಿನವರೂ ಬಂದು ನೋಡಿ ಹೋಗುವುದು ಅದಕ್ಕೇ. ನಾಳೆ ತಮ್ಮ ಪಾಳಿ ಎಂದು ಅವರಿಗೆ ಗೊತ್ತು. ಹೇಮಾವತಿಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳನ್ನು ಮುಟ್ಟಲು ಶಿರಾ ತಾಲ್ಲೂಕು ಪಟ್ಟ ಪಾಡು, ಮದಲೂರು ಕೆರೆಗೆ ಅದು ಹರಿಯಬೇಕೆಂಬ ಕೂಗು 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾದದ್ದು ನಮ್ಮ ಕಡೆಯ ಎಲ್ಲರಿಗೂ ನೆನಪಿದೆ. ಕೆರೆ ತುಂಬಿದರೆ ಹಿಗ್ಗುವುದಕ್ಕೆ ಕರೆ ಬೇಡ. ಪಟ್ಟನಾಯಕನಹಳ್ಳಿಯ ಗುರುಗುಂಡ ಬ್ರಹ್ಮೇಶ್ವರ ಮಠದ ಜಾತ್ರೆಗೂ ಬೇಡ. ತೇರಿನ ಹಗ್ಗ ಹಿಡಿಯಲು ಯಾರ ಪತ್ರಿಕೆಗೂ ಯಾರೂ ಕಾಯುವುದಿಲ್ಲ. ಯಾವುದು ಯಾರೊಬ್ಬರದೂ ಅಲ್ಲವೋ ಅದರ ಸಂತೋಷಕ್ಕೆ ಬಾಗಿಲಿಲ್ಲ.

ಇದೇ ತಾಲ್ಲೂಕಿನ ಕಗ್ಗಲಡು ಇದಕ್ಕೆ ಇನ್ನೊಂದು ಸಾಕ್ಷಿ. ಊರೊಳಗಿನ ಹುಣಸೆ ಮರಗಳಿಗೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಕೆಳಗೆ ಮನೆ, ದನದ ಕೊಟ್ಟಿಗೆ, ಓಡಾಡುವ ಮಕ್ಕಳು. ಹಿಕ್ಕೆಯ ವಾಸನೆಯನ್ನು, ಮರಿಗಳ ಗದ್ದಲವನ್ನು ಸಹಿಸಿಕೊಂಡು ಊರವರು ಹಕ್ಕಿಗಳನ್ನು ಕಾಯುತ್ತಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ಒಂದು ನಂಬಿಕೆಯ ಬಲದ ಮೇಲೆ ಇಡೀ ಊರು ಒಟ್ಟಾಗಿ ಕಾಯುತ್ತದೆ, ಒಟ್ಟಾಗಿ ಹಿಗ್ಗುತ್ತದೆ.

ಇನ್ನು ಬೋರ್‌ವೆಲ್‌ಗೆ ಬರೋಣ. ನಮ್ಮ ಕಾಲದ ಸುಖದುಃಖಗಳನ್ನು ಅದರಷ್ಟು ಚೆನ್ನಾಗಿ ಹೇಳುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದು ಒಂದು ಕಡೆ ಕಲ್ಲು ಇಡಿಸುತ್ತಾನೆ. ಲಾರಿ ಬರುತ್ತದೆ, ಪೂಜೆಯಾಗುತ್ತದೆ, ರಾತ್ರಿಯಿಡೀ ಕೊರೆಯುತ್ತದೆ. ಮುನ್ನೂರು ಅಡಿಗೆ ಬರೀ ಧೂಳು, ಆರುನೂರಕ್ಕೂ ಧೂಳು. ಮನೆಯ ಯಜಮಾನ ಮಾತು ನಿಲ್ಲಿಸುತ್ತಾನೆ. ಇನ್ನು ನೂರಡಿಗೆ ಎಷ್ಟು ದುಡ್ಡು, ಯಾರ ಹತ್ತಿರ ಕೇಳುವುದು ಎಂಬ ಲೆಕ್ಕ ಅವನ ಮುಖದಲ್ಲೇ ಕಾಣುತ್ತದೆ. ಎಂಟುನೂರರ ಹತ್ತಿರ ಧೂಳು ಒದ್ದೆಯಾಗಿ, ಕೆಸರಾಗಿ, ಆಮೇಲೆ ಧಿಗ್ಗನೆ ನೀರು ಮೇಲೆ ಚಿಮ್ಮಿದರೆ, ಲಾರಿಯ ದೀಪದ ಬಿಳಿ ಬೆಳಕಿನಲ್ಲಿ ನಿಂತವರೆಲ್ಲ ಒಮ್ಮೆಗೇ ಕೂಗುತ್ತಾರೆ. ಯಜಮಾನಿ ಸೆರಗು ಕಣ್ಣಿಗೊತ್ತಿಕೊಳ್ಳುತ್ತಾಳೆ. ಎರಡಿಂಚು ನೀರು ಎಂದು ಬೆಳಗಾಗುವುದರೊಳಗೆ ಊರೆಲ್ಲ ಸುದ್ದಿ. ಆ ಕೂಗಿನಲ್ಲಿ ಪಕ್ಕದ ಹೊಲದವನ ದನಿಯೂ ಇರುತ್ತದೆ. ಅವನೂ ರಾತ್ರಿಯೆಲ್ಲ ಜೊತೆಗಿದ್ದವನೇ. ಆದರೆ ಮನೆಗೆ ಹೋಗಿ ಮಲಗಿದ ಮೇಲೆ ಅವನಿಗೆ ನಿದ್ದೆ ಬರುವುದಿಲ್ಲ. ಅವನ ಬೋರು ಇರುವುದು ಅಲ್ಲಿಂದ ಕೂಗಳತೆ ದೂರದಲ್ಲಿ, ಅದೂ ಇದಕ್ಕಿಂತ ಕಡಿಮೆ ಆಳದಲ್ಲಿ.

ಈ ಮನುಷ್ಯನನ್ನು ಹೊಟ್ಟೆಕಿಚ್ಚಿನವನು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನು ಕೂಗಿದ್ದು ನಿಜ, ನಿದ್ದೆಗೆಟ್ಟದ್ದೂ ನಿಜ. ನೆರೆಯವನ ಸುಖ ತನ್ನ ನೀರನ್ನು ಎಳೆದುಕೊಂಡು ಬಂದದ್ದಾದರೆ ಅದು ತನ್ನೊಳಗೆ ಹರಡಲಿ ಎಂದು ಅವನು ಹೇಗೆ ಬಯಸಬೇಕು? ಪಕ್ಕದ ಮನೆಯವರ ಸುಖದಿಂದ ಶೇ. 34ರಷ್ಟು ಎಂದ ಫ್ರೇಮಿಂಗ್‌ಹ್ಯಾಮಿನಲ್ಲಿ ಪಕ್ಕದ ಮನೆಯವರು ಒಂದೇ ಒರತೆಗೆ ಪೈಪು ಇಳಿಸಿರಲಿಲ್ಲ. ಸಂತೋಷ ಹರಡುತ್ತದೆಯೇ ಎಂದು ಕೇಳುವ ಮೊದಲು ಅದು ಎಲ್ಲಿಂದ ಬಂದದ್ದು, ಯಾರ ಪಾಲಿನದು ಎಂದು ಕೇಳಬೇಕು. ಕೆರೆ ತುಂಬಿದರೆ ಸುತ್ತಲಿನ ಎಲ್ಲರ ಬೋರುಗಳಲ್ಲೂ ನೀರು ಏರುತ್ತದೆ. ಬೋರಿಗೆ ನೀರು ಬಿದ್ದರೆ ಕೆರೆ ತುಂಬುವುದಿಲ್ಲ. ಕೆರೆಯ ಹೂಳು ತೆಗೆಸುವುದು ಕೂಡ ಜನರ ಮನಸ್ಸಿಗೆ ಮಾಡುವ ಉಪಚಾರವೇ ಎಂದು ನಾನು ನಂಬುತ್ತೇನೆ.

ಬೌದ್ಧರು ಇತರರ ಸುಖ ಕಂಡು ಸುಖಿಸುವುದನ್ನು ಮುದಿತಾ ಎಂದು ಕರೆದು, ಮೈತ್ರಿ, ಕರುಣೆ, ಉಪೇಕ್ಷೆಗಳ ಜೊತೆಗೆ ಸಾಧನೆಯ ವಿಷಯವಾಗಿಟ್ಟರು. ತಾನಾಗಿ ಬರುವಂಥದ್ದಾಗಿದ್ದರೆ ಸಾಧನೆ ಏಕೆ ಬೇಕಿತ್ತು? ಐದನೆಯ ಶತಮಾನದ ಬುದ್ಧಘೋಷ ವಿಸುದ್ಧಿಮಗ್ಗದಲ್ಲಿ ಇದನ್ನು ಎಲ್ಲಿಂದ ಆರಂಭಿಸಬೇಕು ಎಂದೂ ಹೇಳುತ್ತಾನೆ. ಕರುಣೆಯನ್ನು ಕಷ್ಟದಲ್ಲಿರುವ ಯಾರನ್ನಾದರೂ ಕಂಡು ಆರಂಭಿಸಬಹುದು. ಮುದಿತೆಯನ್ನು ಮಾತ್ರ ಸದಾ ಹಸನ್ಮುಖಿಯಾದ, ತುಂಬ ಆಪ್ತನಾದ ಗೆಳೆಯನಿಂದ ಆರಂಭಿಸಬೇಕು. ಮೊದಲಿಗೇ ಪರಕೀಯನ ಅಥವಾ ಹಗೆಯವನ ಸುಖಕ್ಕೆ ಹಿಗ್ಗಲು ಹೋದರೆ ಅದು ಆಗುವ ಮಾತಲ್ಲ ಎಂದು ಆತನಿಗೆ ಗೊತ್ತಿತ್ತು. ಹೆಣದ ಮುಂದೆ ಹಗೆ ಮರೆಯುವ ನಮ್ಮ ಜನ ಚಪ್ಪರದ ಮುಂದೆ ಅದನ್ನು ಮರೆಯಲಾರದೆ ನಿಲ್ಲುವುದು ನಮ್ಮೊಬ್ಬರ ಕೊರತೆಯಲ್ಲ. ಮನುಷ್ಯರಿಗೆ ಇದು ಎಲ್ಲ ಕಾಲದಲ್ಲೂ ಕಷ್ಟದ್ದೇ.

ಹಳ್ಳಿ ಈ ಕಷ್ಟಕ್ಕೆ ತನ್ನದೇ ದಾರಿ ಮಾಡಿಕೊಂಡಿತು. ಅದು ಮುಯ್ಯಿ. ಚಪ್ಪರದ ಬಾಗಿಲಲ್ಲಿ, ಈಗ ಕಲ್ಯಾಣಮಂಟಪದ ಮೆಟ್ಟಿಲ ಹತ್ತಿರ, ಅಕ್ಷರ ಚೆನ್ನಾಗಿ ಬರೆಯುವ ಒಬ್ಬನನ್ನು ಮೇಜು ಹಾಕಿ ಕೂರಿಸುತ್ತಾರೆ. ಉದ್ದನೆಯ ನೋಟ್‌ಬುಕ್, ಮೊದಲ ಹಾಳೆಯಲ್ಲಿ ಅರಿಸಿನದಿಂದ ಬರೆದ ಶ್ರೀ, ಆಮೇಲೆ ಸಾಲಾಗಿ ಹೆಸರು, ಊರು, ಮೊತ್ತ. ಮದುವೆಯ ಗದ್ದಲ ಮುಗಿದ ಮೇಲೆ ಆ ಪುಸ್ತಕ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತದೆ. ಮುಂದೆ ಆ ಹೆಸರಿನ ಮನೆಯಲ್ಲಿ ಮದುವೆಯಾದಾಗ ತೆಗೆದು ನೋಡಿ, ಬರೆಸಿದ್ದಕ್ಕಿಂತ ಸ್ವಲ್ಪ ಹೆಚ್ಚು ಹಾಕಿ ಬರೆಸಿ ಬರುತ್ತಾರೆ. ಇದನ್ನು ಸಾಲದ ಲೆಕ್ಕ ಎಂದು ಹಗುರ ಮಾಡಬಾರದು. ನಿಮ್ಮ ಸಂತೋಷದ ದಿನ ನಾನಿದ್ದೆ, ನನ್ನ ಸಂತೋಷದ ದಿನ ನೀವು ಬರಬೇಕು ಎಂಬ ಮಾತನ್ನು ಎರಡು ತಲೆಮಾರು ಮರೆಯದಂತೆ ಇಡುವ ಏರ್ಪಾಡು ಅದು. ಸ್ವಲ್ಪ ಹೆಚ್ಚು ಹಾಕುವುದೇಕೆ? ಲೆಕ್ಕ ಚುಕ್ತಾ ಆಗದೆ ಮುಂದುವರಿಯಲಿ ಎಂದು. ಹೊಲದ ಕೆಲಸದ ಮುಯ್ಯಾಳಿಗೂ ಇದೇ ನ್ಯಾಯ. ಫ್ರೇಮಿಂಗ್‌ಹ್ಯಾಮಿನ ವಿದ್ವಾಂಸರು ಯಾರ ಸುಖ ಯಾರಿಗೆ ಮುಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಚುಕ್ಕಿ ಗೆರೆಗಳ ನಕ್ಷೆ ಬಿಡಿಸಿದರು. ಪಟ್ಟನಾಯಕನಹಳ್ಳಿಯ ಯಾವುದೇ ಮನೆಯ ಪೆಟ್ಟಿಗೆಯಲ್ಲಿ ಆ ನಕ್ಷೆ ಹೆಸರು ಸಮೇತ ಇದೆ.

ಈಗ ಲಗ್ನಪತ್ರಿಕೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಮುಯ್ಯಿ ಫೋನ್‌ಪೇಯಲ್ಲಿ ಹೋಗುತ್ತದೆ. ಅದರಿಂದ ಎಲ್ಲ ಕೆಟ್ಟಿತು ಎಂದು ನಾನು ಹೇಳುವುದಿಲ್ಲ, ದೂರದಲ್ಲಿರುವವರಿಗೆ ಅದೇ ಆಸರೆ. ಆದರೆ ಫೇಸ್‌ಬುಕ್ 6,89,003 ಬಳಕೆದಾರರಿಗೆ ಕಾಣುವ ಬರಹಗಳಲ್ಲಿ ಖುಷಿಯವನ್ನೋ ಬೇಸರದವನ್ನೋ ಕಡಿಮೆ ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾದಾಗ, ಅವರ ಮಾತಿನಲ್ಲಿ ಆದ ಬದಲಾವಣೆ ಅತಿ ಸಣ್ಣದಾಗಿತ್ತು. ಯಾರನ್ನೂ ಕೇಳದೆ ಅವರ ಮನಸ್ಸಿನ ಮೇಲೆ ಪ್ರಯೋಗ ಮಾಡಿದ್ದು ಮಾತ್ರ ದೊಡ್ಡ ತಪ್ಪು. ತೆರೆಯ ಮೇಲಿನ ನಗು ಹತ್ತಿರದ ಮನೆಯ ನಗುವಿನ ಕೆಲಸ ಮಾಡಲಾರದು.

ಮುಯ್ಯಿ ಪುಸ್ತಕವನ್ನು ಹೊಗಳಿದಷ್ಟೇ ಪ್ರಾಮಾಣಿಕವಾಗಿ ಅದರಲ್ಲಿ ಇಲ್ಲದ ಹೆಸರುಗಳನ್ನೂ ನೋಡಬೇಕು. ಊರಿನ ಪುಸ್ತಕದಲ್ಲಿ ಮೂವತ್ತು ಮೈಲಿ ದೂರದ ಬೀಗರ ಬೀಗರಿದ್ದಾರೆ. ಅರ್ಧ ಫರ್ಲಾಂಗ್ ದೂರದ ದಲಿತ ಕಾಲೋನಿಯವರು ಎಷ್ಟು ಮನೆಗಳ ಪುಸ್ತಕದಲ್ಲಿದ್ದಾರೆ? ಅವರು ಚಪ್ಪರಕ್ಕೆ ಕಂಬ ನೆಟ್ಟಿರುತ್ತಾರೆ, ಸೌದೆ ಒಡೆದಿರುತ್ತಾರೆ. ಅಡುಗೆ ಮಿಕ್ಕರೆ ಪಾತ್ರೆಯಲ್ಲಿ ಅವರ ಮನೆಗೆ ಹೋಗುತ್ತದೆ. ಅದು ಕರೆಯಲ್ಲ. ಪಕ್ಕದಲ್ಲಿರುವವರಿಗೆ ಸುಖ ಹೆಚ್ಚು ತಾಗುತ್ತದೆ ಎಂಬ ಲೆಕ್ಕ ನಮ್ಮಲ್ಲಿ ಹುಸಿಯಾಗುವುದು ಇಲ್ಲಿ. ನಮ್ಮಲ್ಲಿ ಪಕ್ಕ ಎಂಬುದನ್ನು ಮೈಲಿಯಲ್ಲಿ ಅಳೆಯುವುದಿಲ್ಲ.

ಗೊಲ್ಲರ ಹಟ್ಟಿಗಳ ವಿಷಯ ಇದಕ್ಕಿಂತ ನೋವಿನದು. ಕಾಡುಗೊಲ್ಲರು ಈ ಸೀಮೆಯ ದೊಡ್ಡ ಹಾಡಿನ ಒಡೆಯರು. ತಾವು ಪೂಜಿಸುವ ಕಳುವರಹಳ್ಳಿಯ ಜುಂಜಪ್ಪನ ಕಥೆಯನ್ನು ಉದ್ದನೆಯ ಬಿದಿರಿನ ಗಣೆಯ ದನಿಗೆ ಹೊಂದಿಸಿ ರಾತ್ರಿಯಿಡೀ ಹಾಡಬಲ್ಲವರು. ಒಟ್ಟಿಗೆ ಕೂತು ಸಂತೋಷಪಡುವುದನ್ನು ಅವರಿಂದ ಕಲಿಯಬೇಕು. ಅದೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣು, ಹೆತ್ತ ಹೆಣ್ಣು ಸೂತಕದ ಹೆಸರಿನಲ್ಲಿ ಹೊರಗೆ ಉಳಿಯಬೇಕಾದ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಒಂದು ಮನೆಗೆ ಮಗು ಹುಟ್ಟುವುದಕ್ಕಿಂತ ಹೆಚ್ಚಿನ ಸಂತೋಷ ಯಾವುದಿದೆ? ಆ ಸಂತೋಷವನ್ನು ತಂದವಳೇ ಅದರ ಹೊರಗೆ, ಗರಿ ಹೊದಿಸಿದ ಗುಡಿಸಿಲಲ್ಲಿ ಎಳೆಗೂಸಿನ ಜೊತೆ ಮಲಗುತ್ತಾಳೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಕೂಸು ಮಳೆ ಚಳಿಗೆ ತೀರಿಕೊಂಡಿತು. ಹೆಣ್ಣನ್ನು ಹೀಗೆ ಹೊರಗಿಡುವುದನ್ನು ತಡೆಯುವ ರಾಜ್ಯದ ಮೌಢ್ಯ ನಿಷೇಧ ಕಾಯಿದೆ 2017ರಲ್ಲೇ ಆಗಿ, 2020ರಿಂದ ಜಾರಿಯಲ್ಲಿತ್ತು. ಹೊರಗುಳಿಯುವವರಿಗೆಂದು ಸರ್ಕಾರವೇ ಕಟ್ಟಿಸಿದ ಕೃಷ್ಣ ಕುಟೀರಗಳೂ ಹಲವು ಹಟ್ಟಿಗಳಲ್ಲಿವೆ. ಹೊರಗಿಡುವುದಕ್ಕೆ ಗಟ್ಟಿ ಗೋಡೆ ಕಟ್ಟಿಕೊಟ್ಟರೆ ಅದು ಪರಿಹಾರವಾಗುವುದಿಲ್ಲ. ಹಟ್ಟಿಗಳ ಓದಿದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮನೆಮನೆಗೆ ಹೋಗಿ ಹೇಳುತ್ತಿರುವುದೇ ನಿಜವಾದ ಕೆಲಸ. ಬಾಣಂತಿಯನ್ನು ನಡುಮನೆಯಲ್ಲಿ ಮಲಗಿಸಿಕೊಂಡ ಒಂದೊಂದು ಮನೆಯೂ ಪಕ್ಕದ ಮನೆಗೆ ಧೈರ್ಯ ಕೊಡುತ್ತದೆ. ಧೈರ್ಯವೂ ನೆರೆಯಿಂದ ನೆರೆಗೇ ದಾಟಬೇಕು.

ಸಂತೋಷ ಅಂಟುವಂಥದ್ದು, ನೀವು ಖುಷಿಯಾಗಿದ್ದರೆ ಸಾಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಅದು ಸುಖದಲ್ಲಿರುವವರಿಗೆ ತುಂಬ ಸಲೀಸಾದ ಮಾತು, ಏನೂ ಮಾಡಬೇಕಾಗಿಲ್ಲವಲ್ಲ. ನಮ್ಮ ಹಳ್ಳಿಯ ಕಟ್ಟುಪಾಡು ಸುಖದಲ್ಲಿರುವವನ ಮೇಲೆ ಹೊಣೆ ಹೊರಿಸುತ್ತದೆ. ಸಂತೋಷ ನಿನ್ನ ಮನೆಗೆ ಬಂದಿದ್ದರೆ ಎದ್ದು ಹೋಗಿ ಕರೆಯಬೇಕಾದವನು ನೀನು. ಈ ನಿಯಮ ಸರಿ. ಯಾರನ್ನು ಕರೆಯಬೇಕು ಎಂದು ನಾವು ಮಾಡಿಕೊಂಡ ಪಟ್ಟಿ ಸರಿಯಿಲ್ಲ.

ಮುಂದಿನ ಮಾಘದಲ್ಲೋ ವೈಶಾಖದಲ್ಲೋ ನಿಮ್ಮ ಮನೆಯಲ್ಲಿ ಶುಭಕಾರ್ಯವಿದ್ದರೆ, ಕುಂಕುಮದ ಬಟ್ಟಲು, ಪತ್ರಿಕೆಗಳ ಕಟ್ಟು ಹಿಡಿದು ಹೊರಡುವ ಮೊದಲು ಹಳೆಯ ಮುಯ್ಯಿ ಪುಸ್ತಕವನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ಇದುವರೆಗೆ ಇಲ್ಲದ, ಆದರೆ ನಿಮ್ಮ ಮನೆಯ ಸಾವಿಗೆ ಬಂದು ನಿಂತಿದ್ದ ಯಾರಾದರೂ ನೆನಪಾಗುತ್ತಾರೆ. ಮೊದಲು ಅವರ ಮನೆಗೆ ಹೋಗಿ. ಒಳಗೆ ಹೋಗಿ ಕುಳಿತು, ಅವರು ಕೊಟ್ಟ ನೀರು ಕುಡಿದು, ಮನೆಮಂದಿಯೆಲ್ಲ ಬರಬೇಕು ಎಂದು ಹೇಳಿ ಬನ್ನಿ.